ಕಕ್ಕಡದ ಮಳೆಗೆ ಸೈಕಲ್ ಜಾಕೆಟ್: ಕೊಳ್ಳುವಾಗ ಏನು ನೋಡಬೇಕು, ಮನೆಯಲ್ಲಿ ಹೇಗೆ ಪರೀಕ್ಷೆ ಮಾಡಬೇಕು

ಕೊಡಗಿನಲ್ಲಿ ಮಳೆಗಾಲ, ಅದರಲ್ಲೂ ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬಂತೆಂದರೆ ಸೈಕಲ್ಲಿಗೆ ಪ್ಲಾಸ್ಟಿಕ್ ಹೊದಿಸಿ ಮೂಲೆಗೆ ಒರಗಿಸುವವರೇ ಜಾಸ್ತಿ. ಹಾಗೆ ಮಾಡದೆ ಜೂನ್‌ನಿಂದ ಕೈಲ್‌ಪೊಳ್ದ್‌ವರೆಗೂ (ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ) ತುಳಿಯಲೇಬೇಕು ಅನ್ನುವವರಿಗೆ ಈ ಲೇಖನ. ಮಳೆ ಜಾಕೆಟ್ ಆರಿಸುವುದು ಹೇಗೆ, ಕೊಂಡ ಮೇಲೆ ಅದು ಹೇಳಿದ ಕೆಲಸ ಮಾಡುತ್ತಿದೆಯಾ ಎಂದು ನೋಡುವುದು ಹೇಗೆ, ಇಷ್ಟೇ ವಿಷಯ.

ಸೈಕಲ್ ತುಳಿಯುವವರನ್ನು ನೆನೆಸುವ ನೀರು ಎರಡು ಕಡೆಯಿಂದ ಬರುತ್ತದೆ. ಮೇಲಿನಿಂದ ಮಳೆ, ಒಳಗಿನಿಂದ ಬೆವರು. ಅಂಗಡಿಯವರು ಮೊದಲನೆಯದರ ಬಗ್ಗೆ ಮಾತ್ರ ಮಾತಾಡುತ್ತಾರೆ. ಆದರೆ ನಮ್ಮ ಊರಿನ ಏರುರಸ್ತೆಗಳಲ್ಲಿ ತೊಂದರೆ ಕೊಡುವುದು ಎರಡನೆಯದು. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರುವಾಗ ಮೈಯೆಲ್ಲ ಬೆವರುತ್ತದೆ. ಮೇಲೆ ಬಂದು ಇಳಿಜಾರು ಸಿಕ್ಕ ಕೂಡಲೇ ಅದೇ ಬೆವರು ತಣ್ಣಗಾಗಿ ಹಲ್ಲು ಕಟಕಟ ಎನ್ನುತ್ತದೆ. "ಜಾಕೆಟ್ ಸೋರ್ತಾ ಇದೆ" ಎಂದು ದೂರುವವರಲ್ಲಿ ಹಲವರ ಜಾಕೆಟ್ ಸೋರುತ್ತಿರುವುದೇ ಇಲ್ಲ. ಹಾಗಾಗಿ ನಾನು ಮೊದಲು ನೋಡುವುದು ಹೊಲಿದ ಅಳತೆ, ಆಮೇಲೆ ಗಾಳಿ ಆಡುವ ದಾರಿ, ಆಮೇಲೆ ಸೋರಿಕೆ. ಚೀಟಿಯ ಮೇಲಿನ ದೊಡ್ಡ ದೊಡ್ಡ ಅಂಕಿಗಳು ಕೊನೆಗೆ.

ಮೊದಲು: ನಿಮ್ಮ ದಾರಿ ಯಾವುದು?

ಕೊಡಗು ಚಿಕ್ಕ ಜಿಲ್ಲೆ. ಆದರೂ ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. ಗಾಳಿಬೀಡು, ಕಕ್ಕಬ್ಬೆ, ಚೇರಂಬಾಣೆ ಕಡೆ ಪುಷ್ಯ, ಆಶ್ಲೇಷ ಮಳೆಯಲ್ಲಿ ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಶನಿವಾರಸಂತೆ, ಕುಶಾಲನಗರದ ಕಡೆ ಒಂದು ಹೊಯ್ತ ಹೊಯ್ದು ಬಿಡುವು ಕೊಡುತ್ತದೆ. ಸಂಪಾಜೆ ಕಡೆ ಇಳಿದರೆ ಮಡಿಕೇರಿಗಿಂತ ಸಾವಿರ ಮೀಟರಿಗೆ ಹತ್ತಿರ ಕೆಳಗೆ ಹೋಗಿರುತ್ತೀರಿ. ಮೇಲೆ ಹಿತವಾಗಿದ್ದ ಜಾಕೆಟ್ ಕೆಳಗೆ ಹೋದಾಗ ಬೇಯಿಸುತ್ತದೆ.

ಪೇಟೆಯೊಳಗೆ ಹತ್ತು ಹದಿನೈದು ನಿಮಿಷ ತುಳಿದು ಕೆಲಸಕ್ಕೆ ಹೋಗುವವರಾದರೆ ಬೈಕಿನವರು ಹಾಕುವ ಸಾಮಾನ್ಯ ರೈನ್‌ಕೋಟ್ ಸಾಕು. ಅದರಲ್ಲಿ ಗಾಳಿ ಆಡುವುದಿಲ್ಲ, ನಿಜ. ಆದರೆ ನಿಧಾನಕ್ಕೆ ತುಳಿದರೆ ಬೆವರು ಬರುವಷ್ಟರಲ್ಲಿ ಆಫೀಸ್ ಬಂದಿರುತ್ತದೆ. ಸುಮ್ನೆ ದುಬಾರಿ ಜಾಕೆಟ್‌ಗೆ ಯಾಕೆ ದುಡ್ಡು ಹಾಕಬೇಕು? ಒಂದು ಗಂಟೆಗಿಂತ ಜಾಸ್ತಿ, ಏರು ಇಳಿತ ಇರುವ ದಾರಿಯಲ್ಲಿ ಹೋಗುವವರಿಗೆ ಮಾತ್ರ ಮುಂದಿನ ತಲೆಬಿಸಿ. ಪೊಂಚೊ ಬಗ್ಗೆ ಕೇಳುವವರಿಗೆ ಒಂದೇ ಮಾತು: ಅದರೊಳಗೆ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಗಾಳಿಬೀಡಿನಂಥ ಕಡೆ ಅಡ್ಡಗಾಳಿ ಬೀಸಿದರೆ ಸೈಕಲ್ ಸಮೇತ ಚರಂಡಿಗೆ ತಳ್ಳುತ್ತದೆ.

ಇನ್ನೊಂದು ವಿಷಯ. ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಬೆನ್ನಿನ ಕೆಳಗೆ ನೆನೆಯುವ ನೀರಿನಲ್ಲಿ ದೊಡ್ಡ ಪಾಲು ಆಕಾಶದಿಂದ ಬಂದದ್ದಲ್ಲ, ಹಿಂದಿನ ಚಕ್ರ ಎರಚಿದ್ದು. ಅದರ ಜೊತೆ ಬರುವ ಕೆಂಪು ಕೆಸರು ಎಂಥ ಬಟ್ಟೆಯನ್ನಾದರೂ ಬೇಗ ಹಾಳು ಮಾಡುತ್ತದೆ.

ಅಂಗಡಿಯಲ್ಲಿ: ಸೈಕಲ್ ಮೇಲೆ ಕೂತು ನೋಡಿ

ಕನ್ನಡಿ ಮುಂದೆ ನೆಟ್ಟಗೆ ನಿಂತು ಜಾಕೆಟ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸೈಕಲ್ ಅಂಗಡಿಯಾದರೆ "ಅಣ್ಣಾ, ಒಂದು ಸೈಕಲ್ ಮೇಲೆ ಕೂತು ನೋಡ್ತೀನಿ" ಎನ್ನಿ. ಬೇರೆ ಅಂಗಡಿಯಾದರೆ ಕುರ್ಚಿಯ ಬೆನ್ನಿಗೆ ಎರಡು ಕೈ ಊರಿ, ಹ್ಯಾಂಡಲ್ ಹಿಡಿದಂತೆ ಬಾಗಿ. ನಾಚಿಕೆ ಬೇಡ. ದುಡ್ಡು ನಿಮ್ಮದು.

ಹಾಗೆ ಬಾಗಿದಾಗ ಮೊದಲು ಮಣಿಕಟ್ಟು ನೋಡಿ. ತೋಳು ಮೇಲಕ್ಕೆ ಜಾರಿ ಕೈ ಕಾಣುತ್ತಿದ್ದರೆ ಆ ಜಾಕೆಟ್ ಸೈಕಲ್ಲಿಗೆ ಆಗುವುದಿಲ್ಲ. ನೀರು ಮುಂಗೈಯಿಂದ ಒಳಗೆ ಹರಿದು ಮೊಣಕೈಯಲ್ಲಿ ನಿಲ್ಲುತ್ತದೆ. ಆಮೇಲೆ ಸೊಂಟದ ಹಿಂಭಾಗ. ಪಕ್ಕದಲ್ಲಿರುವವರಿಗೆ ಹೇಳಿ ನೋಡಿಸಿ: ಪ್ಯಾಂಟಿನ ಮೇಲೆ ಒಂದು ಗೇಣಾದರೂ ಬಟ್ಟೆ ಉಳಿದಿದೆಯಾ? ಸೈಕಲ್ ಜಾಕೆಟ್‌ನ ಹಿಂಭಾಗ ಉದ್ದ, ಮುಂಭಾಗ ಗಿಡ್ಡ ಇರಬೇಕು. ನಾಟಿ ಗದ್ದೆಯಲ್ಲಿ ಮಳೆಗೆ ಬೆನ್ನ ಮೇಲೆ ಹೊದೆಯುವ ಗೊರಬೆ ನೋಡಿದವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಬಾಗಿ ಕೆಲಸ ಮಾಡುವವರ ಬೆನ್ನು ಮುಚ್ಚಿದರೆ ಸಾಕು, ಎದೆ ಮುಂದೆ ಕೈ ಆಡಲು ಜಾಗ ಬೇಕು. ಸೈಕಲ್ ತುಳಿಯುವವರೂ ಹಾಗೆಯೇ ಬಾಗಿರುತ್ತಾರೆ. ಚಾರಣದ ಜಾಕೆಟ್‌ಗಳು ಚೆನ್ನಾಗಿದ್ದರೂ ಸೈಕಲ್ ಮೇಲೆ ಸೋಲುವುದು ಇಲ್ಲಿಯೇ. ಮುಂದೆ ಬಟ್ಟೆ ಉಬ್ಬಿ ಮಡಿಲಾಗುತ್ತದೆ, ಮಡಿಲಿನಲ್ಲಿ ನೀರು ನಿಲ್ಲುತ್ತದೆ, ಬ್ರೇಕ್ ಹಿಡಿದಾಗ ಅದೆಲ್ಲ ತೊಡೆಯ ಮೇಲೆ ಬೀಳುತ್ತದೆ.

ಬಾಗಿದ ಹಾಗೆಯೇ ತಲೆ ತಿರುಗಿಸಿ ಹಿಂದೆ ನೋಡಿ. ಕಾಲರ್ ಕುತ್ತಿಗೆ ಹಿಡಿಯುತ್ತಿದೆಯಾ? ಟೋಪಿ ಇದ್ದರೆ ಅದು ಕಣ್ಣಿಗೆ ಅಡ್ಡ ಬರುತ್ತಿದೆಯಾ? ಟೋಪಿಯ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ಹೆಲ್ಮೆಟ್ ಒಳಗೆ ಹಾಕುವ ಟೋಪಿ ಕಿವಿ ಮುಚ್ಚುತ್ತದೆ. ಹೆಲ್ಮೆಟ್ ಮೇಲೆ ಹಾಕುವ ದೊಡ್ಡ ಟೋಪಿ ಇಳಿಜಾರಿನಲ್ಲಿ ಗಾಳಿ ತುಂಬಿ ಕುತ್ತಿಗೆ ಹಿಂದಕ್ಕೆ ಎಳೆಯುತ್ತದೆ. ನಮ್ಮ ಘಾಟಿ ತಿರುವುಗಳಲ್ಲಿ ಹಿಂದಿನಿಂದ ಬರುವ ಬಸ್ಸಿನ ಸದ್ದು ಕೇಳಿಸಬೇಕು, ಅಲ್ವಾ? ಟೋಪಿ ಇಲ್ಲದ, ಕಾಲರ್ ಎತ್ತರ ಇರುವ ಜಾಕೆಟ್ ಕೊಂಡು, ಹೆಲ್ಮೆಟ್ ಒಳಗೆ ಅಂಚು ಇರುವ ತೆಳು ಕ್ಯಾಪ್ ಹಾಕಿದರೆ ಕಣ್ಣಿಗೆ ಬೀಳುವ ಹನಿಯೂ ತಪ್ಪುತ್ತದೆ.

ಅಳತೆ ಹೆಚ್ಚು ಸಡಿಲ ಬೇಡ. ಬಟ್ಟೆ ಪಟಪಟ ಹೊಡೆಯುತ್ತಿದ್ದರೆ ಒಳಗೆ ತಂಗಾಳಿ ನುಗ್ಗುತ್ತದೆ. ಹಾಗಂತ ಮೈಗೆ ಅಂಟುವಷ್ಟು ಬಿಗಿಯೂ ಬೇಡ. ಒಳಗೆ ಒಂದು ತೆಳು ಉಣ್ಣೆಯ ಅಂಗಿ ಹಿಡಿಯುವಷ್ಟು ಜಾಗ ಇದ್ದರೆ ಸರಿ. ಬ್ಯಾಗ್ ಹೊತ್ತು ಹೋಗುವವರು ಬ್ಯಾಗ್ ಸಮೇತ ಹಾಕಿ ನೋಡಿ. ಅದರ ಪಟ್ಟಿ ಭುಜದ ಬಟ್ಟೆಯನ್ನು ಒತ್ತುತ್ತದೆ, ತಿಕ್ಕುತ್ತದೆ. ಬೆನ್ನಿನ ಗಾಳಿಕಿಂಡಿಯೂ ಮುಚ್ಚಿಹೋಗುತ್ತದೆ. ಸಾಮಾನು ಕ್ಯಾರಿಯರ್‌ಗೆ ಕಟ್ಟಲು ಆಗುವುದಾದರೆ ಅದೇ ಲೇಸು.

ಹೊಲಿಗೆ, ಜಿಪ್, ಗಾಳಿಕಿಂಡಿ

ಜಾಕೆಟ್ ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿಯಿರಿ. ಸೂಜಿ ಚುಚ್ಚಿದ ಪ್ರತಿ ತೂತೂ ನೀರಿಗೆ ದಾರಿ. ಅದಕ್ಕೇ ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿರುತ್ತಾರೆ. ಕೆಲವು ಜಾಕೆಟ್‌ಗಳಲ್ಲಿ ಎಲ್ಲ ಹೊಲಿಗೆಗೂ ಟೇಪ್ ಇರುತ್ತದೆ. ಕೆಲವಲ್ಲಿ ಭುಜ, ಕುತ್ತಿಗೆಗೆ ಮಾತ್ರ. ಕೊಡಗಿಗೆ ಎಲ್ಲ ಹೊಲಿಗೆಗೂ ಬೇಕು. ಕಂಕುಳ ಕೆಳಗೆ ಮೂರು ನಾಲ್ಕು ಹೊಲಿಗೆ ಸೇರುವ ಜಾಗ ಇರುತ್ತದೆ. ಅಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಹೊಸ ಜಾಕೆಟ್‌ನಲ್ಲೇ ಅಂಚು ಏಳುತ್ತಿದ್ದರೆ ಬಿಟ್ಟುಬಿಡಿ.

ಮುಂದಿನ ಜಿಪ್ ಮೇಲೆ ರಬ್ಬರಿನಂಥ ಲೇಪ ಇರುವ ಜಿಪ್‌ಗಳು ನೀರನ್ನು ತಡೆಯುತ್ತವೆ, ಆದರೆ ಪೂರ್ತಿ ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಎದುರುಮಳೆ ಹೊಡೆದರೆ ನೇರವಾಗಿ ಎದೆಯ ಮಧ್ಯಕ್ಕೇ ಬೀಳುವುದು. ಜಿಪ್ ಹಿಂದೆ ಎರಡು ಬೆರಳು ಅಗಲದ ಒಂದು ಪಟ್ಟಿ ಇದೆಯಾ ನೋಡಿ. ಮೇಲೆ ಗಲ್ಲದ ಹತ್ತಿರ ಜಿಪ್‌ನ ತುದಿ ಅಡಗಿಸಲು ಪುಟ್ಟ ಗೂಡು ಇದ್ದರೆ ಗಂಟಲಿನಿಂದ ನೀರು ಇಳಿಯುವುದು ಕಡಿಮೆ. ಜಿಪ್ ಎಳೆಯುವ ದಾರ ಉದ್ದ ಇರಲಿ. ಒದ್ದೆ ಗ್ಲೌಸ್ ಹಾಕಿದ ಕೈಗೆ ಸಿಗಬೇಕು.

ಕೆಳಗಿನಿಂದಲೂ ತೆರೆಯಬಹುದಾದ ಎರಡು ಕಡೆಯ ಜಿಪ್ ಇದ್ದರೆ ನಾನು ಐದು ಅಂಕ ಜಾಸ್ತಿ ಕೊಡುತ್ತೇನೆ. ಏರುವಾಗ ಹೊಟ್ಟೆಯ ಹತ್ತಿರ ಒಂದು ಗೇಣು ತೆರೆದರೆ ಮಳೆ ಒಳಗೆ ಬರುವುದಿಲ್ಲ, ಹಬೆ ಮಾತ್ರ ಹೊರಗೆ ಹೋಗುತ್ತದೆ. ಕಂಕುಳಲ್ಲಿ ಜಿಪ್ ಇರುವ ಜಾಕೆಟ್ ಇನ್ನೂ ಒಳ್ಳೆಯದು. ಸೈಕಲ್ ಮೇಲೆ ಕೂತಾಗಲೇ ಒಂದು ಕೈಯಲ್ಲಿ ಅದನ್ನು ಎಳೆಯಲು ಆಗುತ್ತದಾ ನೋಡಿಕೊಳ್ಳಿ. ಇಳಿದು ನಿಂತು ತೆರೆಯಬೇಕಾದ ಕಿಂಡಿಯನ್ನು ಮಳೆಯಲ್ಲಿ ಯಾರೂ ತೆರೆಯುವುದಿಲ್ಲ.

ತೋಳಿನ ತುದಿಗೆ ಬರೀ ಎಲಾಸ್ಟಿಕ್ ಇದ್ದರೆ ಅದು ನೀರು ಕುಡಿದು ತಣ್ಣಗಿರುತ್ತದೆ. ಅಂಟುಪಟ್ಟಿ (ವೆಲ್ಕ್ರೊ) ಇದ್ದರೆ ಗ್ಲೌಸ್ ಮೇಲೆ ಬಿಗಿ ಮಾಡಬಹುದು. ಗ್ಲೌಸಿನ ಬಾಯಿ ಜಾಕೆಟ್ ಒಳಗೆ ಹೋಗಬೇಕು. ಹೊರಗೆ ಇದ್ದರೆ ತೋಳಿನ ನೀರೆಲ್ಲ ಗ್ಲೌಸಿಗೆ. ಬಿಗಿ ತುದಿಯಿಂದ ಇನ್ನೊಂದು ಲಾಭವೂ ಇದೆ. ಬೇಲಿ ಬದಿ ನಿಂತು ಚಹಾ ಕುಡಿಯುವಾಗ ಇಂಬಳ ತೋಳಿನೊಳಗೆ ಸೇರಿಕೊಳ್ಳುವುದಿಲ್ಲ.

ಬಣ್ಣದ ವಿಚಾರ ಬೇಗ ಮುಗಿಸುತ್ತೇನೆ. ಕಪ್ಪು ಬೇಡ, ಹಸಿರು ಬೇಡವೇ ಬೇಡ. ತೋಟದ ನೆರಳು, ಮಂಜು ಎರಡರಲ್ಲೂ ನೀವು ಮಾಯವಾಗುತ್ತೀರಿ. ಕಣ್ಣು ಕುಕ್ಕುವ ಹಳದಿ, ಕಿತ್ತಳೆ ಹಗಲಲ್ಲಿ ಮೋಡವಿದ್ದರೂ ಚೆನ್ನಾಗಿ ಕಾಣುತ್ತವೆ. ಆದರೆ ಆ ಹೊಳಪು ಹಗಲು ಬೆಳಕಿನಿಂದ ಬಂದದ್ದು. ಕತ್ತಲಲ್ಲಿ ವಾಹನದ ಲೈಟ್‌ಗೆ ಹೊಳೆಯಲು ಬೂದು ಬಣ್ಣದ ಪ್ರತಿಫಲಿಸುವ ಪಟ್ಟಿ ಬೇರೆಯೇ ಬೇಕು. ಅದು ಬೆನ್ನಿನ ಮೇಲೆ ಮಾತ್ರ ಇದ್ದರೆ ಬ್ಯಾಗ್ ಅಡಿ ಮುಚ್ಚಿಹೋಗುತ್ತದೆ. ತೋಳಿನ ಮೇಲೂ ಇರಲಿ. ಮಂಜಿನಲ್ಲಿ ಇವೆಲ್ಲದಕ್ಕಿಂತ ಹಿಂದಿನ ಕೆಂಪು ಲೈಟ್ ಮುಖ್ಯ.

ಚೀಟಿಯ ಅಂಕಿಗಳನ್ನು ಓದುವುದು

"ಸಾರ್, ಇದು ಹಂಡ್ರೆಡ್ ಪರ್ಸೆಂಟ್ ವಾಟರ್‌ಪ್ರೂಫ್" ಎಂದು ಅಂಗಡಿಯವರು ಹೇಳಿದಾಗ ಚೀಟಿ ಕೇಳಿ. ಅದರಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ.

ಮೊದಲನೆಯದು ಮಿಲಿಮೀಟರ್‌ನಲ್ಲಿ. ಬಟ್ಟೆಯ ಮೇಲೆ ನೀರಿನ ಒತ್ತಡ ಏರಿಸುತ್ತಾ ಹೋಗಿ, ಎಷ್ಟು ಎತ್ತರದ ನೀರು ನಿಂತಾಗ ಬಟ್ಟೆ ಸೋರಲು ಶುರುಮಾಡುತ್ತದೆ ಎಂದು ಅಳೆದದ್ದು. 10,000 ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಒತ್ತಡ. ಬೀಳುವ ಮಳೆಹನಿ ಅಷ್ಟು ಒತ್ತುವುದಿಲ್ಲ. ಆದರೆ ಬ್ಯಾಗಿನ ಪಟ್ಟಿ, ಬಾಗಿದ ಮೊಣಕೈ, ಗಂಟೆಗಟ್ಟಲೆ ಎದುರುಗಾಳಿ ಇವೆಲ್ಲ ಸೇರಿದಾಗ ಸ್ವಲ್ಪ ಹೆಚ್ಚೇ ಇರಲಿ. ನನ್ನ ಲೆಕ್ಕದಲ್ಲಿ ಕುಶಾಲನಗರಕ್ಕೆ 5,000 ಆದೀತು. ಮಡಿಕೇರಿಯಿಂದ ಪಡುವಣಕ್ಕೆ 10,000ಕ್ಕೆ ಇಳಿಯಬೇಡಿ. 20,000ಕ್ಕಿಂತ ಮೇಲಿನದಕ್ಕೆ ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥ ಇಲ್ಲ. ಅಷ್ಟರಲ್ಲಿ ಜಿಪ್ ಮತ್ತು ಕುತ್ತಿಗೆಯಿಂದಲೇ ನೀರು ಬಂದಿರುತ್ತದೆ.

ಎರಡನೆಯದು ಗ್ರಾಂ ಲೆಕ್ಕ. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಹಬೆ ಹೊರಗೆ ಹೋಗುತ್ತದೆ ಎಂಬುದು. ಇಲ್ಲಿ ಒಂದು ಸಣ್ಣ ಗಣಿತ ಮಾಡಿ. 10,000 ಗ್ರಾಂ ಎಂದರೆ ಗಂಟೆಗೆ ಸುಮಾರು 416 ಗ್ರಾಂ. ಜಾಕೆಟ್‌ನ ಬಟ್ಟೆ ಹೆಚ್ಚುಕಮ್ಮಿ ಒಂದು ಚದರ ಮೀಟರ್ ಎಂದಿಟ್ಟುಕೊಳ್ಳಿ. ಏರಿನಲ್ಲಿ ಜೋರಾಗಿ ತುಳಿಯುವವರಿಗೆ ಗಂಟೆಗೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೂ ಬೆವರು ಬರಬಹುದು. ಅಂದರೆ ಪ್ರಯೋಗಾಲಯದ ಅಂಕಿಯನ್ನು ಪೂರ್ತಿ ನಂಬಿದರೂ ಲೆಕ್ಕ ಸರಿಹೋಗುವುದಿಲ್ಲ. ಅದೂ ಅಲ್ಲದೆ ಈ ಅಳತೆಗೆ ಹಲವು ಪದ್ಧತಿ ಇವೆ. ಒಂದು ಕಂಪನಿಯ 15,000ವನ್ನು ಇನ್ನೊಂದರ 15,000ದ ಪಕ್ಕ ಇಟ್ಟು ನೋಡಲು ಆಗುವುದಿಲ್ಲ. ಕೆಲವರು ರೆಟ್ (RET) ಎಂಬ ಇನ್ನೊಂದು ಅಳತೆ ಕೊಡುತ್ತಾರೆ. ಅದು ಬಟ್ಟೆ ಹಬೆಯನ್ನು ಎಷ್ಟು ತಡೆಯುತ್ತದೆ ಎಂದು ಹೇಳುವುದರಿಂದ ಕಡಿಮೆ ಇದ್ದಷ್ಟೂ ಒಳ್ಳೆಯದು. 6ಕ್ಕಿಂತ ಕೆಳಗಿದ್ದರೆ ತುಂಬ ಚೆನ್ನಾಗಿದೆ, 20 ದಾಟಿದರೆ ಸೈಕಲ್ಲಿಗೆ ಬೇಡ.

ಈಗ ಕೊಡಗಿನ ಸಮಸ್ಯೆ. ಹಬೆ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಹಬೆ ಜಾಸ್ತಿ, ಹೊರಗೆ ಕಡಿಮೆ ಇದ್ದಾಗ ಆ ವ್ಯತ್ಯಾಸವೇ ಅದನ್ನು ತಳ್ಳುವುದು. 20 ಡಿಗ್ರಿಯಲ್ಲಿ ಹಬೆ ತುಂಬಿ ನಿಂತ ಗಾಳಿಯಲ್ಲಿ, 5 ಡಿಗ್ರಿಯ ಅಂಥದ್ದೇ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ನೀರಿನ ಅಂಶ ಇರುತ್ತದೆ. ಯುರೋಪಿನ ಚಳಿಯಲ್ಲಿ ಚೆನ್ನಾಗಿ ಉಸಿರಾಡುವ ಜಾಕೆಟ್ ನಮ್ಮ ಜುಲೈ ತಿಂಗಳ ಮಂಜಿನಲ್ಲಿ ಮಂಕಾಗುವುದು ಇದಕ್ಕೇ. ಇಂಟರ್‌ನೆಟ್ಟಿನಲ್ಲಿ ಓದುವ ಹೊಗಳಿಕೆ ಬಹುಪಾಲು ಆ ಚಳಿದೇಶದವರದು. ಆದ್ದರಿಂದ ಎರಡನೆಯ ಅಂಕಿಗಿಂತ ಗಾಳಿಕಿಂಡಿಗೆ ಬೆಲೆ ಕೊಡಿ.

ಬಟ್ಟೆಯ ಒಳಗೆ ಏನಿದೆ ಎಂಬುದನ್ನೂ ಸ್ವಲ್ಪ ತಿಳಿದಿರಲಿ. ಅಗ್ಗದ ಜಾಕೆಟ್‌ಗಳಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಲೇಪ ಇರುತ್ತದೆ. ದುಬಾರಿಯವುಗಳಲ್ಲಿ ತೆಳುವಾದ ಒಂದು ಪೊರೆ. ಗೋರ್‌-ಟೆಕ್ಸ್ ಪೊರೆಯ ಮೂಲ 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಂಡುಕೊಂಡ ಹಿಗ್ಗಿಸಿದ ಟೆಫ್ಲಾನ್, ಅಂದರೆ ಪಿಟಿಎಫ್‌ಇ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರಿನ ಹನಿ ತೂರದು, ಹಬೆ ಮಾತ್ರ ತೂರುತ್ತದೆ. ಪರಿಸರದಲ್ಲಿ ಕರಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳ ಬಗ್ಗೆ ಆಕ್ಷೇಪ ಬಂದ ಮೇಲೆ ಈಗ ಕಂಪನಿಗಳು ಅವಿಲ್ಲದ ಪೊರೆ, ಅವಿಲ್ಲದ ಲೇಪಗಳ ಕಡೆ ಹೋಗುತ್ತಿವೆ. ಒಳ್ಳೆಯದೇ. ಆದರೆ ಹೊಸ ಲೇಪಗಳಿಗೆ ಎಣ್ಣೆ, ಕೊಳೆ ಬೇಗ ಹಿಡಿಯುತ್ತದೆ. ತೊಳೆಯುವ ಕೆಲಸ ಹೆಚ್ಚುತ್ತದೆ.

ಪದರದ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಒಳಗೆ ಸಡಿಲವಾದ ಜಾಳಿಗೆ ಬಟ್ಟೆ ನೇತಾಡುವ ಜಾಕೆಟ್ ಬೇಡ. ಅದು ಒಮ್ಮೆ ಒದ್ದೆಯಾದರೆ ಕಕ್ಕಡದಲ್ಲಿ ಒಣಗುವುದಿಲ್ಲ. ಮೂರು ಪದರ (ಹೊರಬಟ್ಟೆ, ಪೊರೆ, ಒಳಬಟ್ಟೆ) ಒಟ್ಟಿಗೆ ಅಂಟಿಸಿದ್ದು ಭಾರ, ಬೆಲೆ ಎರಡೂ ಜಾಸ್ತಿ, ಆದರೆ ಮೈಗೆ ಅಂಟುವುದಿಲ್ಲ, ಬೇಗ ಒಣಗುತ್ತದೆ. ಒಳಮೈಗೆ ಚುಕ್ಕಿ ಚುಕ್ಕಿ ಮುದ್ರಿಸಿರುವ ಎರಡೂವರೆ ಪದರದ್ದು ಹಗುರ, ಜೇಬಿಗೆ ಹಿಡಿಯುತ್ತದೆ, ಆದರೆ ಬಟ್ಟೆ ಮುಚ್ಚದ ತೋಳಿಗೆ ತಣ್ಣಗೆ ಅಂಟಿಕೊಳ್ಳುತ್ತದೆ.

ಮನೆಯಲ್ಲಿ: ಸೋರಿಕೆಯ ಪರೀಕ್ಷೆ

ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ, ನೀರು ಹಾಕಿ ನೋಡಿದ ಮೇಲೆ ವಾಪಸ್ ತಗೊಳ್ತೀರಾ ಅಂತ. ಉತ್ತರ ಏನೇ ಇರಲಿ, ಘಾಟಿಯಲ್ಲಿ ಗೊತ್ತಾಗುವುದಕ್ಕಿಂತ ಮನೆಯಲ್ಲಿ ಗೊತ್ತಾಗುವುದು ಮೇಲು.

ಮೊದಲು ಒಣಗಿದ ಜಾಕೆಟ್ ಅನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ತಿಳಿ ಬೂದು ಬಣ್ಣದ ಹತ್ತಿ ಟೀ ಶರ್ಟ್ ಹಾಕಿಕೊಳ್ಳಿ. ಆ ಬಣ್ಣದ ಮೇಲೆ ಒಂದೇ ಹನಿ ಬಿದ್ದರೂ ಕಪ್ಪಗೆ ಕಾಣುತ್ತದೆ. ಅದರ ಮೇಲೆ ಜಾಕೆಟ್ ಹಾಕಿ, ಎಲ್ಲ ಜಿಪ್ ಮುಚ್ಚಿ, ಷವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಷವರ್ ಇಲ್ಲದಿದ್ದರೆ ಹಂಚಿನ ಸೂರಿನ ನೀರು ಧಾರೆಯಾಗಿ ಬೀಳುವ ಜಾಗ ಇದ್ದೇ ಇರುತ್ತದಲ್ಲ, ಅಲ್ಲಿ ನಿಲ್ಲಿ. ತಣ್ಣೀರೇ ಇರಲಿ. ಬಿಸಿನೀರಿನ ಹಬೆಗೆ ಬೆವರು ಬಂದರೆ ಪರೀಕ್ಷೆ ಕೆಡುತ್ತದೆ. ಕೈಯನ್ನು ಹ್ಯಾಂಡಲ್ ಹಿಡಿದಂತೆ ಮುಂದಕ್ಕೆ ಚಾಚಿ. ನೀರು ಭುಜಕ್ಕೆ, ಆಮೇಲೆ ಎದೆಯ ಜಿಪ್‌ಗೆ, ಆಮೇಲೆ ಕತ್ತಿನ ಹಿಂದೆ ಬೀಳಲಿ. ಸುಮ್ಮನೆ ನಿಂತಿರುವುದರಿಂದ ಮೈ ಬೆವರುವುದಿಲ್ಲ. ಈಗ ಒಳಗೆ ಎಲ್ಲಿ ಒದ್ದೆಯಾಗಿದೆಯೋ ಅದು ಸೋರಿಕೆಯೇ.

ಹೊರಗೆ ಬಂದು ಕನ್ನಡಿ ಮುಂದೆ ಟೀ ಶರ್ಟ್ ನೋಡಿ. ಎದೆಯ ಮಧ್ಯೆ ಉದ್ದಕ್ಕೆ ಗೆರೆ ಇದ್ದರೆ ಜಿಪ್. ಭುಜದ ಮೇಲೆ ಸಣ್ಣ ಚುಕ್ಕಿಗಳ ಸಾಲು ಇದ್ದರೆ ಹೊಲಿಗೆಯ ಟೇಪ್. ಕಾಲರ್ ಸುತ್ತ ಇದ್ದರೆ ಅದನ್ನು ಅಷ್ಟಾಗಿ ದೂರಬೇಡಿ, ಅಲ್ಲಿ ಯಾವ ಜಾಕೆಟ್ಟಿಗೂ ಬಾಗಿಲು ತೆರೆದೇ ಇದೆ. ಜೇಬಿನಲ್ಲಿ ನೀರು ನಿಂತಿದ್ದರೆ ಮೊಬೈಲ್ ಯಾವತ್ತೂ ಅಲ್ಲಿ ಇಡಬೇಡಿ. ಬಟ್ಟೆಯ ನಡುವೆ, ಹೊಲಿಗೆ ಇಲ್ಲದ ಕಡೆ ಅಗಲವಾದ ಕಲೆ ಇದ್ದರೆ ಒಳಮೈಯ ಲೇಪವೇ ಹಾಳಾಗಿದೆ. ಅದನ್ನು ಸರಿ ಮಾಡಲು ಆಗುವುದಿಲ್ಲ.

ಈಗ ಜಾಕೆಟ್ ಮೂರು ಸಲ ಕೊಡವಿ ಮತ್ತೆ ತೂಗಿ. ಒಳ್ಳೆಯ ಜಾಕೆಟ್‌ನಲ್ಲಿ ಹನಿಗಳು ಮುತ್ತಿನಂತೆ ಉರುಳಿ ಬೀಳುತ್ತವೆ, ತೂಕ ಸ್ವಲ್ಪವೇ ಏರಿರುತ್ತದೆ. ತನ್ನ ಅರ್ಧದಷ್ಟು ಭಾರದ ನೀರು ಕುಡಿದಿದ್ದರೆ ಹೊರಬಟ್ಟೆಯ ಮೇಲಿನ ನೀರು ಜಾರಿಸುವ ಲೇಪ ಕಳಪೆ ಎಂದರ್ಥ. ಇದನ್ನು ಹಗುರಾಗಿ ತಗೊಳ್ಳಬೇಡಿ. ಒಳಗಿನ ಪೊರೆ ಸೋರದಿದ್ದರೂ ಹೊರಬಟ್ಟೆ ನೀರು ಕುಡಿದರೆ ಮೈಮೇಲೆ ಒಂದು ತಣ್ಣನೆಯ ನೀರಿನ ಪದರ ಕೂತಂತಾಗುತ್ತದೆ. ಹಬೆ ಹೊರಹೋಗುವ ದಾರಿ ಮುಚ್ಚುತ್ತದೆ, ಒಳಗೆ ಬೆವರು ಹನಿಗಟ್ಟುತ್ತದೆ, ನಾವು ಸೋರಿತು ಎಂದುಕೊಳ್ಳುತ್ತೇವೆ.

ಹಬೆ ನಿಜಕ್ಕೂ ಹೊರಗೆ ಹೋಗುತ್ತದಾ ಎಂದು ನೋಡಲು ಒಂದು ಲೋಟ ಬಿಸಿನೀರು ಸಾಕು. ಲೋಟದ ಬಾಯಿಗೆ ಜಾಕೆಟ್‌ನ ಒಳಮೈ ಬರುವಂತೆ ಹೊದಿಸಿ, ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಮಗುಚಿ ಇಡಿ. ಕೆಲವು ನಿಮಿಷದಲ್ಲಿ ತಟ್ಟೆಗೆ ಮಂಜು ಹಿಡಿದರೆ ಬಟ್ಟೆ ಉಸಿರಾಡುತ್ತದೆ. ಬೈಕ್ ರೈನ್‌ಕೋಟ್‌ನಲ್ಲಿ ಹಿಡಿಯುವುದಿಲ್ಲ. ಎಷ್ಟು ಉಸಿರಾಡುತ್ತದೆ ಎಂದು ಇದರಿಂದ ಗೊತ್ತಾಗದು.

ರಸ್ತೆಯ ಮೇಲೆ

ಮಡಿಕೇರಿಯವರಿಗೆ ಅಬ್ಬಿ ಜಲಪಾತದ ರಸ್ತೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎಂಟು ಕಿಲೋಮೀಟರ್ ಆಸುಪಾಸು ಇಳಿತ, ಬರುವಾಗ ಅದೇ ಏರು. ವಾರದ ನಡುವೆ ಬೆಳಿಗ್ಗೆ ಹೋಗಿ. ಶನಿವಾರ ಭಾನುವಾರ ಪ್ರವಾಸಿಗಳ ಗಾಡಿ ತುಂಬಿರುತ್ತವೆ. ಬೇರೆ ಊರಿನವರು ಅರ್ಧ ಗಂಟೆಯಾದರೂ ಏರುವ ನಿಮ್ಮದೇ ಒಂದು ದಾರಿ ಆರಿಸಿಕೊಳ್ಳಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ, ಗುಡ್ಡ ಜರಿಯುವ ಭಯ ಇರುವ ದಾರಿಯಲ್ಲಿ ಯಾವ ಪರೀಕ್ಷೆಯೂ ಬೇಡ.

ಇದೇ ದಾರಿಯಲ್ಲಿ ಎರಡು ಸಲ ಹೋಗಬೇಕು. ಮೊದಲ ಸಲ ಮಳೆ ಇಲ್ಲದ, ಮಂಜು ಕವಿದ ದಿನ. ಜಾಕೆಟ್ ಪೂರ್ತಿ ಮುಚ್ಚಿ ಏರು ಹತ್ತಿ. ಮೇಲೆ ಬಂದು ಒಣಗಿದ ಕೈಯನ್ನು ಒಳಗೆ ಹಾಕಿ ಮುಂಗೈ, ಎರಡು ರೆಕ್ಕೆಮೂಳೆಯ ನಡುವೆ, ಹೊಟ್ಟೆ ಮುಟ್ಟಿ ನೋಡಿ. ಮಳೆಯೇ ಇರಲಿಲ್ಲ, ಹಾಗಾಗಿ ಸಿಕ್ಕ ಒದ್ದೆಯೆಲ್ಲ ನಿಮ್ಮದೇ ಬೆವರು. ಅದು ತೆಳುವಾಗಿ, ಬೆಚ್ಚಗೆ, ಎಲ್ಲ ಕಡೆ ಹರಡಿರುತ್ತದೆ. ಈ ಸ್ಪರ್ಶ ನೆನಪಿರಲಿ. ಎರಡನೆಯ ಸಲ ಮಳೆಯಲ್ಲಿ ಹೋಗಿ ಅದೇ ಮೂರು ಜಾಗ ಮುಟ್ಟಿ. ಗೆರೆಯಾಗಿ, ಚುಕ್ಕಿಯಾಗಿ, ತಣ್ಣಗೆ ಸಿಕ್ಕಿದ್ದು ಮಳೆ ನೀರು. ಈ ಹೋಲಿಕೆ ಮಾಡದೆ ಜಾಕೆಟ್ ಸೋರುತ್ತದೆ, ಸೋರುವುದಿಲ್ಲ ಎಂದು ತೀರ್ಪು ಕೊಡುವುದು ಬರೀ ಊಹೆ.

ಮಳೆಯ ದಿನ ಏರುವಾಗ ಗಾಳಿಕಿಂಡಿಗಳನ್ನು ತೆರೆದು ಎಷ್ಟು ಬೇಗ ಹಿತ ಅನಿಸುತ್ತದೆ ನೋಡಿ. ಹತ್ತಿದ ಮೇಲೆ ಎಲ್ಲವನ್ನೂ ಮುಚ್ಚಿ ರಾಜಾಸೀಟ್ ಹತ್ತಿರ ಐದು ನಿಮಿಷ ಗಾಳಿಗೆ ನಿಲ್ಲಿ. ಒಳಗೆ ಸ್ವಲ್ಪ ಒದ್ದೆ ಇದ್ದರೂ ಮೈ ಬೆಚ್ಚಗೆ ಉಳಿದರೆ ಜಾಕೆಟ್ ಪಾಸ್. ಮೂರು ಗಂಟೆ ಮಳೆಯಲ್ಲಿ ಪೂರ್ತಿ ಒಣಗಿ ಇರುತ್ತೇನೆ ಎಂಬ ಆಸೆ ಯಾವ ಬೆಲೆಯ ಜಾಕೆಟ್ಟಿನಲ್ಲೂ ಈಡೇರುವುದಿಲ್ಲ. ಚಳಿ ಹತ್ತದೆ ಮನೆ ಸೇರುವುದು ಆಗಬೇಕಾದದ್ದು. ನಡುಗುತ್ತಿದ್ದರೆ ಜಾಕೆಟ್ ದೂರುವ ಮೊದಲು ಒಳಗೆ ಏನು ಹಾಕಿದ್ದೀರಿ ನೋಡಿ. ಹತ್ತಿ ಬನಿಯನ್ ಬೆವರು ಕುಡಿದು ಮೈಗೆ ಅಂಟಿ ಕೂರುತ್ತದೆ. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಅಂಗಿ ಹಾಕಿ ಇನ್ನೊಮ್ಮೆ ಹೋಗಿ.

ಒಣಗುವ ಪರೀಕ್ಷೆ, ಮತ್ತು ಆಮೇಲಿನ ಉಪಚಾರ

ಜುಲೈನಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದು ಬಚ್ಚಲಿನ ಹಂಡೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಜಾಕೆಟ್ ಅಲ್ಲಿ ಹಾಕಬೇಡಿ. ಒಂದು ಕಿಡಿ ಹಾರಿದರೆ ನೈಲಾನಿಗೆ ತೂತು. ಹೊಗೆಯ ಜಿಡ್ಡು ಕೂತರೆ ನೀರು ಜಾರುವುದು ನಿಲ್ಲುತ್ತದೆ. ರಾತ್ರಿ ಒಳಕೋಣೆಯಲ್ಲಿ ಫ್ಯಾನ್ ಕೆಳಗೆ ಹ್ಯಾಂಗರ್‌ಗೆ ತೂಗುಹಾಕಿ, ಒಳಮೈ ಹೊರಗೆ ಮಾಡಿ. ಬೆಳಿಗ್ಗೆ ಕಾಲರ್, ತೋಳಿನ ತುದಿ, ಜೇಬಿನ ಮೂಲೆ ಮುಟ್ಟಿ ನೋಡಿ. ದಿನಾ ತುಳಿಯುವವರಿಗೆ ಒಂದು ರಾತ್ರಿಯಲ್ಲಿ ಒಣಗದ ಜಾಕೆಟ್ ಪ್ರಯೋಜನವಿಲ್ಲ, ಅದರ ಅಂಕಿ ಎಷ್ಟೇ ಇರಲಿ. ಎರಡನೆಯ ವಾರಕ್ಕೆ ಬೂಷ್ಟು ಹಿಡಿಯುತ್ತದೆ.

ಬೆವರಿನ ಉಪ್ಪು, ಕೆಸರು ಸೇರಿದಾಗ ತೊಳೆಯಲೇಬೇಕು. ತೊಳೆದರೆ ಹಾಳಾಗುತ್ತದೆ ಎಂದು ಹೆದರಿ ಹಾಗೇ ಬಿಡುವವರೇ ಜಾಸ್ತಿ, ಹಾಗೆ ಬಿಟ್ಟಾಗಲೇ ಅದು ಬೇಗ ಹಾಳಾಗುವುದು. ಜಿಪ್ ಎಲ್ಲ ಮುಚ್ಚಿ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪವೇ ಲಿಕ್ವಿಡ್ ಸೋಪ್ ಹಾಕಿ ಕೈಯಲ್ಲಿ ತೊಳೆಯಿರಿ. ಬ್ರಷ್ ಬೇಡ, ಹಿಂಡುವುದು ಬೇಡ. ಬಟ್ಟೆ ಮೃದು ಮಾಡಲು, ಪರಿಮಳಕ್ಕೆ ಕೊನೆಯಲ್ಲಿ ಹಾಕುವ ದ್ರಾವಣ ಮಾತ್ರ ಖಂಡಿತ ಬೇಡ. ಸೋಪು ಪೂರ್ತಿ ಹೋಗುವವರೆಗೆ ಎರಡು ಮೂರು ನೀರು ಹಾಕಿ. ಒಣಗಿದ ಮೇಲೆ ಚೀಟಿಯಲ್ಲಿ ಇಸ್ತ್ರಿಗೆ ಒಪ್ಪಿಗೆ ಇದ್ದರೆ ಒಂದು ತೆಳು ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಆ ಶಾಖಕ್ಕೆ ನೀರು ಜಾರಿಸುವ ಲೇಪ ಮತ್ತೆ ಚುರುಕಾಗುತ್ತದೆ. ಒಂದು ಚಮಚ ನೀರು ಭುಜದ ಮೇಲೆ ಚೆಲ್ಲಿ ನೋಡಿ. ಉರುಳದೆ ಹರಡಿದರೆ ಲೇಪ ಸವೆದಿದೆ. ಅದಕ್ಕೆ ಸಿಂಪಡಿಸುವ ಅಥವಾ ನೀರಿಗೆ ಹಾಕುವ ಹೊಸ ಲೇಪ ಸಿಗುತ್ತದೆ. ನಿಕ್‌ವ್ಯಾಕ್ಸ್, ಗ್ರೇಂಜರ್ಸ್ ಇಂಥವು.

ಮಳೆಗಾಲ ಮುಗಿದ ಮೇಲೆ ಚೀಲದಲ್ಲಿ ಮುದುರಿ ತುಂಬಿಡಬೇಡಿ. ಪಾಲಿಯುರೆಥೇನ್ ಲೇಪ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ. ಒಂದು ದಿನ ತೆಗೆದು ನೋಡಿದರೆ ಒಳಮೈ ಜಿಗುಟು ಜಿಗುಟಾಗಿ, ಬಿಳಿ ಹೊಟ್ಟಿನಂತೆ ಉದುರುತ್ತಿರುತ್ತದೆ. ಯಾರಾದರೂ ಬಳಸಿದ ಜಾಕೆಟ್ ಅಗ್ಗಕ್ಕೆ ಕೊಡುತ್ತೇನೆ ಎಂದಾಗ ಮೊದಲು ನೋಡಬೇಕಾದ್ದು ಇದೇ. ಒಳಮೈಯನ್ನು ಎರಡು ಬೆರಳಲ್ಲಿ ತಿಕ್ಕಿ. ಅಂಟಿದರೆ, ಉದುರಿದರೆ, ಹುಳಿ ವಾಸನೆ ಬಂದರೆ ಬಿಟ್ಟಿ ಕೊಟ್ಟರೂ ಬೇಡ.

ಬೇಲಿಯ ತಂತಿಗೋ ಲಂಟಾನ ಮುಳ್ಳಿಗೋ ಸಿಕ್ಕಿ ಸಣ್ಣಗೆ ಹರಿದಿದ್ದರೆ ಅದಕ್ಕಾಗಿ ಎಸೆಯಬೇಕಿಲ್ಲ. ಸೂಜಿ ಹಾಕಬೇಡಿ, ಅದು ಇನ್ನಷ್ಟು ತೂತು ಮಾಡುತ್ತದೆ. ಟೆಂಟ್‌ಗೆ ಅಂಟಿಸುವ ನೈಲಾನ್ ತೇಪೆ ತಂದು, ಮೂಲೆಗಳನ್ನು ದುಂಡಗೆ ಕತ್ತರಿಸಿ, ಹರಿದ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಒಳಗೂ ಹೊರಗೂ ಒತ್ತಿ ಅಂಟಿಸಿ. ಒಂದು ಇಡೀ ದಿನ ಬಿಟ್ಟು ಆಮೇಲೆ ಮಳೆಗೆ ಒಯ್ಯಿರಿ.